ಆಮೆಗೆ ಕಣ್ಣಿತ್ತು

ದೊಡ್ಡ ರಸ್ತೆಯ ತಿರುವಿನಲ್ಲಿರುವ ಕನ್ನಡಕದ ಅಂಗಡಿಯಲ್ಲಿ ಆಕೆ ಹದಿನೇಳು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಒಳಗಿನ ಕೋಣೆಯಲ್ಲಿ ಕೂತು, ಫ್ರೇಮಿನ ಅಳತೆಗೆ ಸರಿಯಾಗಿ ಲೆನ್ಸಿನ ಅಂಚು ಸವೆಸಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ ಕೂರಿಸುವುದು ಅವಳ ಪಾಲಿನ ಕೆಲಸ. ಅಂಗಡಿಯವರಿಗೂ ಅಕ್ಕಪಕ್ಕದ ಮನೆಯವರಿಗೂ ಅವಳು ಕನ್ನಡಕದಕ್ಕ. ಬೇರೆಯವರ ಕಣ್ಣಿಗೆ ಬೀಳದ ಕೂದಲೆಳೆಯಷ್ಟು ಗೀರನ್ನೂ ಹಿಡಿದುಬಿಡುತ್ತಿದ್ದಳು. ಮಾಲೀಕರು ಗಿರಾಕಿಗಳ ಮುಂದೆ ಆ ಮಾತನ್ನು ಹೇಳಿ ಹೇಳಿ, ತನ್ನ ಕಣ್ಣಿನ ಬಗ್ಗೆ ಅವಳಿಗೂ ಸಣ್ಣದೊಂದು ಜಂಬ ಬಂದಿತ್ತು.

ಅದೇ ಕಣ್ಣನ್ನು ಸಂಜೆ ಮನೆಗೂ ತರುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಬಾಗಿಲ ಸಂದಿಯ ದೂಳು, ಮೇಜಿನ ಕೆಳಗಿನ ಪೆನ್ಸಿಲ್ ಸಿಪ್ಪೆ, ಕನ್ನಡಿಯ ಮೇಲಿನ ಬೆರಳ ಗುರುತು ಎಲ್ಲ ಕಾಣುತ್ತಿದ್ದವು. ಗಂಡ ಲಿಫ್ಟ್ ರಿಪೇರಿಯವನು. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಓಡಬೇಕಾದ ಕೆಲಸ ಅವನದು, ಮನೆಯಲ್ಲಿ ಇರುವುದೇ ಕಡಿಮೆ. ಮಗಳು ಒಂಬತ್ತನೇ ತರಗತಿ. ಹಗಲು ಹೊತ್ತು ಮನೆಯಲ್ಲಿ ಉಳಿಯುವವರೆಂದರೆ ಮಾವ ಒಬ್ಬರೇ.

ಮಾವ ಮೂವತ್ತನಾಲ್ಕು ವರ್ಷ ಶಾಲೆಯ ಮಕ್ಕಳಿಗೆ ಡ್ರಿಲ್ ಹೇಳಿಕೊಟ್ಟವರು. ಎಪ್ಪತ್ತಾರು ತುಂಬಿದ್ದರೂ ಬೆನ್ನು ಬಾಗಿರಲಿಲ್ಲ. ಮನೆಯಲ್ಲೂ ಇಸ್ತ್ರಿ ಹಾಕಿದ ಪ್ಯಾಂಟು, ಸೊಂಟಕ್ಕೆ ಬೆಲ್ಟು. ಯಾರಾದರೂ ಲುಂಗಿ ಉಟ್ಟುಕೊಳ್ಳಿ, ಆರಾಮವಾಗಿರುತ್ತೆ ಎಂದರೆ, ಆರಾಮ ಅನ್ನುವುದು ಕಾಯಿಲೆ ಬಿದ್ದವರಿಗೆ ಎನ್ನುತ್ತಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ. ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ಸೊಸೆಯಾಗಿ ಬಂದ ಹೊಸತರಲ್ಲಿ ಆಕೆಗೆ ಅವರೆಂದರೆ ಭಯವಿತ್ತು. ಆಮೇಲೆ ಆ ಭಯ ಗೌರವವಾಗಿ, ಗೌರವ ಒಂಥರಾ ಅಭ್ಯಾಸವಾಗಿ ಉಳಿದಿತ್ತು.

ಮನೆಯ ನೆಲ ಒರೆಸಲು ಒಂಬತ್ತು ವರ್ಷದಿಂದ ಒಬ್ಬಾಕೆ ಬರುತ್ತಿದ್ದಳು. ಎಡಗೈಯಲ್ಲೇ ಒರೆಸುತ್ತಿದ್ದುದರಿಂದ ಮಗಳು ಚಿಕ್ಕವಳಿದ್ದಾಗ ಅವಳಿಗೆ ಎಡಚಕ್ಕ ಎಂದು ಹೆಸರಿಟ್ಟಿದ್ದಳು. ಅವಳೂ ಆ ಹೆಸರಿಗೆ ಓಗೊಡುತ್ತಿದ್ದಳು. ಬೆಳಿಗ್ಗೆ ಹತ್ತಕ್ಕೆ ಬಂದರೆ ಹನ್ನೊಂದರೊಳಗೆ ಮುಗಿಸಿ ಹೋಗುವುದು. ಆ ಹೊತ್ತಿಗೆ ಕನ್ನಡಕದಕ್ಕ ಅಂಗಡಿಯಲ್ಲಿರುತ್ತಿದ್ದುದರಿಂದ ಇಬ್ಬರೂ ಮುಖ ನೋಡುತ್ತಿದ್ದುದು ಭಾನುವಾರ ಮಾತ್ರ.

ತೊಂದರೆ ಶುರುವಾದದ್ದು ವಾಸನೆಯಿಂದ. ಮಾವನ ಕೋಣೆಯಿಂದ ಬಚ್ಚಲಿಗೆ ಹೋಗುವ ಉದ್ದನೆಯ ಓಣಿಯಲ್ಲಿ ಸಂಜೆ ಹೊತ್ತು ಏನೋ ಒಂದು ಹುಳಿ ವಾಸನೆ. ಕೆಲವು ದಿನ ನೆಲ ಕಾಲಿಗೆ ಅಂಟುತ್ತಿತ್ತು. ಒರೆಸುವ ಬಟ್ಟೆಯನ್ನು ಸರಿಯಾಗಿ ತೊಳೆಯುವುದಿಲ್ಲ, ಹಿಂಡುವುದಿಲ್ಲ ಎಂದು ಕನ್ನಡಕದಕ್ಕ ತೀರ್ಮಾನಿಸಿದಳು. ಭಾನುವಾರ ಎಡಚಕ್ಕನಿಗೆ ಹೇಳಿದಳು. ಎಡಚಕ್ಕ ಒಂದು ಕ್ಷಣ ಅವಳ ಮುಖ ನೋಡಿ, ಸರಿ, ಇನ್ನು ಮುಂದೆ ನೋಡಿಕೊಳ್ಳುತ್ತೇನೆ ಎಂದಳು. ಮುಂದಿನ ತಿಂಗಳಲ್ಲಿ ಫಿನಾಯಿಲ್ ಎರಡು ಪಟ್ಟು ಖರ್ಚಾಯಿತು. ವಾಸನೆ ಕಡಿಮೆಯಾದರೂ ಪೂರ್ತಿ ಹೋಗಲಿಲ್ಲ. ಕನ್ನಡಕದಕ್ಕ ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಹೇಳಿದಳು. ಪ್ರತಿಸಲವೂ ಅದೇ ಉತ್ತರ.

ಹೀಗಿರುವಾಗ ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಿ, ನಿಮ್ಮ ಕೆಲಸದವಳು ಮಧ್ಯಾಹ್ನ ಮೂರು ಗಂಟೆಗೂ ಬರುತ್ತಾಳಲ್ಲ, ಎರಡು ಹೊತ್ತು ಇಟ್ಟುಕೊಂಡಿದ್ದೀರಾ ಎಂದು ಕೇಳಿದಳು. ಕನ್ನಡಕದಕ್ಕನಿಗೆ ಅದು ಹೊಸ ಸುದ್ದಿ. ಒಂದು ಹೊತ್ತಿನ ಕೆಲಸದವಳಿಗೆ ಮಧ್ಯಾಹ್ನ ನಮ್ಮ ಮನೆಯಲ್ಲೇನು ಕೆಲಸ? ಟೀವಿ ನೋಡಲೋ, ಫ್ರಿಜ್ ತೆಗೆಯಲೋ, ಇನ್ನೇನಕ್ಕೋ? ತಲೆಯಲ್ಲಿ ಹುಳ ಹೊಕ್ಕ ಮೇಲೆ ಒಂದೊಂದೇ ವಸ್ತು ಕಾಣೆಯಾದಂತೆ ಅನ್ನಿಸತೊಡಗಿತು. ಹಳೆಯ ಟವೆಲ್ ಎರಡು ಇರಲಿಲ್ಲ. ಸಾಬೂನು ಬೇಗ ಕರಗುತ್ತಿತ್ತು.

ಆ ಭಾನುವಾರ ಅವಳು ಎಡಚಕ್ಕನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು. ಮಧ್ಯಾಹ್ನ ಬರುವುದು ಹೌದಾ? ಹೌದು. ಯಾತಕ್ಕೆ? ಎಡಚಕ್ಕನ ಕಣ್ಣು ಒಂದು ಸಲ ಮೇಷ್ಟ್ರ ಕೋಣೆಯ ಕಡೆ ಹೋಗಿ ಬಂತು. ಕೋಣೆಯ ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಕುರ್ಚಿಯಲ್ಲಿ ಪೇಪರ್ ಹಿಡಿದುಕೊಂಡು ಕೂತಿದ್ದರು, ಪೇಪರ್ ಅಲುಗಲಿಲ್ಲ. ಕೊನೆಗೆ ಎಡಚಕ್ಕ, “ಸುಮ್ಮನೆ ಬರ್ತಿದ್ದೆ ಅಕ್ಕ” ಎಂದಳು. ಹಾಗಾದರೆ ನಾಳೆಯಿಂದ ಬೇಡ ಎಂದಳು ಕನ್ನಡಕದಕ್ಕ. ಹೇಳುವಾಗ ಅವಳ ಕಣ್ಣು, ಬೇಕೆಂದೋ ಅರಿವಿಲ್ಲದೆಯೋ, ಎಡಚಕ್ಕನ ಕೈಯಲ್ಲಿದ್ದ ಚೀಲದ ಮೇಲೆ ನಿಂತಿತು. ಎಡಚಕ್ಕ ಅದನ್ನು ನೋಡಿದಳು. ಚೀಲದ ಬಾಯನ್ನು ತಾನೇ ಅಗಲ ಮಾಡಿ ಮುಂದೆ ಹಿಡಿದಳು. ಒಳಗೆ ಒಂದು ಊಟದ ಡಬ್ಬಿ, ಒಂದು ಬಾಚಣಿಗೆ, ಮಡಿಸಿದ ಸೀರೆ. ಕನ್ನಡಕದಕ್ಕ ಮುಖ ತಿರುಗಿಸಿಕೊಂಡಳು. ಎಡಚಕ್ಕ ಮೆಟ್ಟಿಲಿಳಿದು ಹೋದಳು.

ಹತ್ತು ದಿನ ಬಿಟ್ಟು ಮನೆಗೆ ನೆಲ ಗುಡಿಸಿ ಒರೆಸುವ ರೋಬೋಟ್ ಬಂತು. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ಬಿಳಿಯದು, ಗುಂಡಗಿತ್ತು. ಗೋಡೆಯ ಮೂಲೆಯಲ್ಲಿ ಅದರ ಗೂಡು. ಕರೆಂಟ್ ತುಂಬಿಕೊಳ್ಳುವುದು ಅಲ್ಲೇ. ಹೊತ್ತಿಗೆ ಸರಿಯಾಗಿ ತಾನೇ ಹೊರಟು, ಮಂಚದ ಕೆಳಗೆಲ್ಲ ನುಗ್ಗಿ, ಹಿಂದಿನ ಒದ್ದೆ ಬಟ್ಟೆಯಿಂದ ಒರೆಸುತ್ತ ಮನೆ ಸುತ್ತಿ, ಮತ್ತೆ ಗೂಡು ಸೇರುತ್ತಿತ್ತು. ಮಗಳು ಅದಕ್ಕೆ ಆಮೆ ಎಂದು ಹೆಸರಿಟ್ಟಳು. ಮುಂದುಗಡೆ ಚಿಕ್ಕ ಬಟನ್ನಿನಷ್ಟು ಕಪ್ಪು ಗಾಜು. ಎದುರಿಗೆ ಚಪ್ಪಲಿ ಇದೆಯೋ ಗೋಡೆ ಇದೆಯೋ ಎಂದು ನೋಡಿಕೊಳ್ಳಲು ಇಟ್ಟ ಕ್ಯಾಮೆರಾ ಅದು. ಮೊಬೈಲಿನಲ್ಲಿ ಒತ್ತಿದರೆ ಆಮೆ ನೋಡುತ್ತಿರುವುದೆಲ್ಲ ನಮಗೂ ಕಾಣುತ್ತದೆ, ಕೇಳಿಸುತ್ತದೆ ಕೂಡ. ಈ ವಿಷಯವನ್ನು ಗಂಡನಿಗೆ ಹೇಳಿದಳು, ಮಗಳಿಗೆ ಹೇಳಿದಳು. ಮಾವನಿಗೆ ಹೇಳಬೇಕೆಂದು ತೋಚಲೇ ಇಲ್ಲ.

ಆಮೆಯನ್ನು ಮಧ್ಯಾಹ್ನ ಮೂರಕ್ಕೆ ಹೊರಡುವಂತೆ ಇಟ್ಟಿದ್ದಳು. ಅವಳು ಸಂಜೆ ಮನೆಗೆ ಬರುವಾಗ ನೆಲ ಕನ್ನಡಿಯ ಹಾಗಿರಬೇಕು ಎಂಬ ಆಸೆ. ಮೊದಲ ವಾರ ಅಂಗಡಿಯಲ್ಲಿ ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಆಮೆ ಹೀಗೆ ತಿರುಗುತ್ತೆ, ಆಮೆ ಹಾಗೆ ಹತ್ತುತ್ತೆ. ಕೇಳಿ ಕೇಳಿ ಸಾಕಾಗಿ, ಗಿರಾಕಿಗಳ ಮುಖಕ್ಕೆ ಫ್ರೇಮ್ ಫಿಟಿಂಗ್ ಮಾಡುವವನು, ಇಷ್ಟು ಹೇಳುವ ಬದಲು ಒಂದ್ಸಲ ತೋರಿಸಿಬಿಡಿ ಅಕ್ಕ ಎಂದ. ಅದು ಚಹಾ ಹೊತ್ತು. ಗಿರಾಕಿಗಳಿರಲಿಲ್ಲ. ಮಾಲೀಕರು, ಬಿಲ್ ಬರೆಯುವ ಹುಡುಗಿ, ಕಣ್ಣು ಪರೀಕ್ಷೆ ಮಾಡುವಾತ, ಫಿಟಿಂಗಿನವನು, ನಾಲ್ವರೂ ಸುತ್ತ ನಿಂತರು. ಕನ್ನಡಕದಕ್ಕ ಮೊಬೈಲನ್ನು ಕೌಂಟರಿನ ಮೇಲೆ ಲೆನ್ಸಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸಿ, ದೊಡ್ಡದು ಮಾಡಿ ಒತ್ತಿದಳು.

ಮೊದಲು ಕಂಡದ್ದು ಊಟದ ಮೇಜಿನ ಕಾಲುಗಳು. ಆಮೇಲೆ ಮಗಳ ಚಪ್ಪಲಿ. ಆಮೆ ಅದನ್ನು ಬಳಸಿಕೊಂಡು ಹೋದಾಗ ಬಿಲ್ ಹುಡುಗಿ ಅಬ್ಬಾ ಎಂದಳು. ಕನ್ನಡಕದಕ್ಕನಿಗೆ ಹೆಮ್ಮೆಯಾಯಿತು. ಆಮೆ ಓಣಿಗೆ ತಿರುಗಿತು. ಓಣಿಯ ನಡುವೆ ಯಾರೋ ಮಂಡಿಯೂರಿ ಕೂತು ನೆಲ ಒರೆಸುತ್ತಿದ್ದರು. ಮೇಷ್ಟ್ರು. ಮೈಮೇಲೆ ಬನಿಯನ್ ಇರಲಿಲ್ಲ, ಅದು ಕೈಯಲ್ಲಿತ್ತು, ಅದರಲ್ಲೇ ಒರೆಸುತ್ತಿದ್ದರು. ಆಮೆ ಅವರ ಹತ್ತಿರ ಹೋಯಿತು. ಅವರು ಕೈಯಿಂದ ಆಚೆ ತಳ್ಳಿದರು. ಅದು ತಿರುಗಿ ಮತ್ತೆ ಬಂತು. ಮತ್ತೆ ತಳ್ಳಿದರು, ಮತ್ತೆ ಬಂತು. ಆಗ ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ, ಶಾಲೆಯ ಮೈದಾನದಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ, “ಹಿಂದೆ ತಿರುಗು!” ಎಂದು ಆಜ್ಞೆ ಮಾಡಿದರು.

ಫಿಟಿಂಗಿನವನು ಗೊಳ್ಳೆಂದು ನಕ್ಕ. ಕನ್ನಡಕದಕ್ಕನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ, ನಮ್ಮ ಮಾವ, ನೀರು ಚೆಲ್ಲಿಕೊಂಡಿರಬೇಕು ಎಂದಳು. ಆಮೆ ಆ ಒದ್ದೆಯ ಮೇಲೇ ಹತ್ತಿ ಮುಂದೆ ಹೋಗಿ, ಸುತ್ತು ಹೊಡೆದು, ಇನ್ನೊಂದು ಕಡೆಯಿಂದ ಅವರನ್ನು ತೋರಿಸಿತು. ತಿಳಿ ಬೂದು ಬಣ್ಣದ ಪ್ಯಾಂಟು. ಬೆಲ್ಟಿನ ಕೆಳಗಿಂದ ಮಂಡಿಯವರೆಗೆ ಒದ್ದೆಗೆ ಬಣ್ಣ ಗಾಢವಾಗಿತ್ತು.

ಬಿಲ್ ಹುಡುಗಿ ಮೊದಲು ಕಣ್ಣು ಬೇರೆ ಕಡೆ ತಿರುಗಿಸಿದಳು. ಕಣ್ಣು ಪರೀಕ್ಷೆಯವನು ಚಹಾ ಲೋಟ ಎತ್ತಿಕೊಂಡು ಒಳಗೆ ಹೋದ. ಫಿಟಿಂಗಿನವನ ನಗು ಅರ್ಧಕ್ಕೇ ನಿಂತಿತು. ಕೂದಲೆಳೆ ಗೀರು ಹಿಡಿಯುವ ಕನ್ನಡಕದಕ್ಕನಿಗೆ ಎಲ್ಲರಿಗಿಂತ ಕೊನೆಯಲ್ಲಿ ಅರ್ಥವಾಯಿತು. ಅವಳ ನಗು ಇನ್ನೂ ಮುಖದ ಮೇಲೇ ಇತ್ತು. ಕೈ ಚಾಚಿ ಮೊಬೈಲ್ ತೆಗೆದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಆಮೆಯನ್ನು ಎತ್ತಿ ಹಿಡಿದು, ಇದೆಂಥದು ಎಂಬಂತೆ ಆ ಕಪ್ಪು ಗಾಜನ್ನು ದಿಟ್ಟಿಸಿದರು. ಅವರ ಮುಖ ಪರದೆ ತುಂಬ ಬಂತು. ಕಣ್ಣು ತುಂಬಿತ್ತು. ಮಾಲೀಕರು ಮೊಬೈಲನ್ನು ಮೆಲ್ಲಗೆ ಅಂಗಾತ ಮಲಗಿಸಿ, ಅದರ ಮೇಲೆ ಒಂದು ಬಟ್ಟೆ ಹಾಕಿದರು.

ಸಂಜೆಯವರೆಗೂ ಒಳಗಿನ ಕೋಣೆಯಲ್ಲಿ ಕೂತು ಲೆನ್ಸ್ ಸವೆಸಿದಳು. ಎರಡು ಹಾಳಾದವು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸುತ್ತಿತ್ತು. ಆದರೆ ಆ ನಾಚಿಕೆ ಆಗ ಪೂರ್ತಿ ಮಾವನ ಕಾರಣಕ್ಕೇ ಆಗಿತ್ತು. ನಮ್ಮ ಮನೆಯ ಮಾನ ಹೋಯಿತಲ್ಲ, ನಾಳೆ ಇವರ ಮುಂದೆ ತಲೆ ಎತ್ತುವುದು ಹೇಗೆ, ಎಂಬ ನಾಚಿಕೆ. ನಾಚಬೇಕಾದದ್ದು ತಾನು ಮಾಡಿದ್ದಕ್ಕೇ ಎಂದು ಗೊತ್ತಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು.

ಮನೆಗೆ ಬಂದಾಗ ಓಣಿಯಲ್ಲಿ ಸಾಬೂನಿನ ವಾಸನೆ. ಬೂದು ಪ್ಯಾಂಟು ತೊಳೆದು, ಬಾಲ್ಕನಿಯ ದಾರದ ಮೇಲೆ, ಬೇರೆ ಬಟ್ಟೆಗಳ ಹಿಂದೆ ಹರವಿತ್ತು. ಮೇಷ್ಟ್ರು ಬೇರೆ ಪ್ಯಾಂಟು, ಅದೇ ಬೆಲ್ಟು ಹಾಕಿಕೊಂಡು ಕುರ್ಚಿಯಲ್ಲಿದ್ದರು. ಅವಳು ಕೈಕಾಲು ತೊಳೆದು ಬರುವವರೆಗೆ ಕಾದು ಕೇಳಿದರು:

“ಆ ಆಮೆಗೆ ಕಣ್ಣಿದೆಯಾ?”

“ಇಲ್ಲ ಮಾವ” ಎಂದಳು.

“ಮುಂದುಗಡೆ ಏನೋ ಗಾಜಿದೆ.”

“ಅದು ಲೈಟು ಮಾವ. ಗೋಡೆಗೆ ಹೊಡ್ಕೊಳ್ಳದೇ ಇರ್ಲಿ ಅಂತ.”

ಅವರು ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಹೂಂ ಎಂದು ಪೇಪರ್ ಎತ್ತಿಕೊಂಡರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಾಗ ಅವಳಿಗೆ ಒಂದೊಂದೇ ಹೊಳೆಯತೊಡಗಿತು. ಹುಳಿ ವಾಸನೆ. ಅಂಟುವ ನೆಲ. ಕಾಣೆಯಾದ ಟವೆಲ್. ಮೂರು ಗಂಟೆಗೆ ಬರುತ್ತಿದ್ದ ಎಡಚಕ್ಕ. ಅವಳು ತೆರೆದು ತೋರಿಸಿದ ಚೀಲ. ನಲ್ಲಿಯ ಕೆಳಗಿನ ಪಾತ್ರೆ ತುಂಬಿ ಹರಿಯುತ್ತಿದ್ದರೂ ಅವಳಿಗೆ ಪರಿವೆ ಇರಲಿಲ್ಲ.

ಮಾರನೆಯ ದಿನದಿಂದ ಮೊಬೈಲಿನಲ್ಲಿ ಆಮೆಯ ಕಣ್ಣನ್ನು ಅವಳು ತೆರೆಯಲಿಲ್ಲ. ಅಂಗಡಿಯಲ್ಲಿ ಎಲ್ಲರೂ ಅದೇನೂ ನಡೆದೇ ಇಲ್ಲ ಎಂಬಂತಿದ್ದರು. ಅದೇ ಕಷ್ಟವಾಗಿತ್ತು. ಫಿಟಿಂಗಿನವನು ಅವಳಿಗೆ ಮೊದಲಿಗಿಂತ ಹೆಚ್ಚು ಮರ್ಯಾದೆ ಕೊಡತೊಡಗಿದ. ಬಿಲ್ ಹುಡುಗಿ ಒಂದು ದಿನ, ನಮ್ಮ ಅಜ್ಜಿಗೂ ಹಾಗೇ ಆಗ್ತಿತ್ತು ಎಂದು ಶುರುಮಾಡಿದಳು. ಕನ್ನಡಕದಕ್ಕ ಯಂತ್ರದ ಸ್ವಿಚ್ ಹಾಕಿಬಿಟ್ಟಳು. ಅದರ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ.

ಮನೆಯಲ್ಲಿ ಇನ್ನೊಂದು ನಡೆಯುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಮಾವನ ಮೇಜಿನ ಮೇಲೆ ಒಂದು ಜಗ್ ನೀರು ಇಟ್ಟು ಹೋಗುವುದು ಅವಳ ರೂಢಿ. ಸಂಜೆ ನೋಡಿದರೆ ನೀರು ಕುತ್ತಿಗೆಯವರೆಗೆ ಹಾಗೇ ಇರುತ್ತಿತ್ತು. ಮೇಷ್ಟ್ರು ಮಧ್ಯಾಹ್ನದ ಚಹಾ ಬಿಟ್ಟರು. ಹೊಟ್ಟೆಗೆ ಸರಿ ಬರುತ್ತಿಲ್ಲ ಎಂದರು. ಆಮೆ ಹೊರಡುವ ಹೊತ್ತಿಗೆ ಅದನ್ನು ಅಡುಗೆಮನೆಗೆ ಅಟ್ಟಿ ಬಾಗಿಲು ಹಾಕುತ್ತಿದ್ದರೆಂದು ಕಾಣುತ್ತದೆ. ಸಂಜೆ ಅದು ಅಲ್ಲೇ, ಚಾರ್ಜು ಮುಗಿದು, ಬಾಗಿಲಿಗೆ ಮೂತಿ ಒತ್ತಿಕೊಂಡು ಬಿದ್ದಿರುತ್ತಿತ್ತು. ಅವರ ತುಟಿ ಒಡೆದದ್ದು ಅವಳ ಕಣ್ಣಿಗೆ ಬಿತ್ತು. ಕೂತಲ್ಲಿಂದ ಏಳುವಾಗ ಗೋಡೆ ಹಿಡಿಯುವುದೂ ಬಿತ್ತು. ಕಾರಣವೂ ಗೊತ್ತಿತ್ತು. ಬಾಯಿ ಬಿಟ್ಟರೆ ಕಣ್ಣಿನ ವಿಷಯ ಬರುತ್ತದೆ, ಸುಳ್ಳಿನ ವಿಷಯ ಬರುತ್ತದೆ, ಅಂಗಡಿಯ ವಿಷಯ ಬರುತ್ತದೆ. ಮಾವ, ನೀರು ಕುಡೀರಿ ಎಂದು ಮಾತ್ರ ದಿನಾ ಹೇಳುತ್ತಿದ್ದಳು. ಅವರು ದಿನಾ ಹೂಂ ಎನ್ನುತ್ತಿದ್ದರು.

ಒಂಬತ್ತನೆಯ ದಿನ ಮೇಷ್ಟ್ರು ಮೆಟ್ಟಿಲಿಳಿಯುವಾಗ ತಲೆ ಸುತ್ತಿ ಕೂತುಬಿಟ್ಟರು. ಕೆಳಗಿನ ಮನೆಯಾಕೆ ಫೋನ್ ಮಾಡಿದಳು. ಗಂಡ ಎಲ್ಲಿಂದಲೋ ಓಡಿಬಂದ. ಇಬ್ಬರೂ ಆಟೋದಲ್ಲಿ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನಾಲಿಗೆ ನೋಡಿ, ಕೈಯ ಚರ್ಮ ಹಿಂಡಿ ನೋಡಿ, ಇವರಿಗೆ ನೀರೇ ಕೊಡುವುದಿಲ್ಲವೇ ಎಂದು ಕೇಳಿದರು. ಗಂಡ ಅಪ್ಪನ ಮೇಲೆ ರೇಗಿದ. ಇಷ್ಟು ವಯಸ್ಸಾದರೂ ಚಿಕ್ಕ ಮಕ್ಕಳ ಹಾಗೆ ಹೇಳಿಸಿಕೊಳ್ಳಬೇಕಾ, ಪಕ್ಕದಲ್ಲೇ ಜಗ್ ಇಟ್ಟರೂ ಎತ್ತಿ ಕುಡಿಯೋಕ್ಕೆ ಏನು ಕಷ್ಟ ಎಂದ. ಮೇಷ್ಟ್ರು ಕೈಗೆ ಹಾಕಿದ್ದ ಗ್ಲೂಕೋಸಿನ ಸೂಜಿಯನ್ನೇ ನೋಡುತ್ತ ಬೈಸಿಕೊಂಡರು. ಕನ್ನಡಕದಕ್ಕ ಮಂಚದ ಕಾಲ ಬಳಿ ಅವರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ಒಂದು ಮಾತು ಸಾಕಿತ್ತು. ಆಡಲಿಲ್ಲ. ಅಂಗಡಿಯ ನಗುವಿಗಿಂತ ಆ ಹೊತ್ತಿನ ಮೌನವೇ ಆಮೇಲೆ ಅವಳನ್ನು ಹೆಚ್ಚು ತಿಂದಿತು.

ಎಡಚಕ್ಕ ಎಲ್ಲಿ ಕೆಲಸ ಮಾಡುತ್ತಿದ್ದಾಳೆಂದು ಕೆಳಗಿನ ಮನೆಯಾಕೆಗೆ ಗೊತ್ತಿತ್ತು. ನಾಲ್ಕು ಮಹಡಿಯ ಒಂದು ಆಫೀಸು ಕಟ್ಟಡ. ಕನ್ನಡಕದಕ್ಕ ಊಟದ ಬಿಡುವಿನಲ್ಲಿ ಅಲ್ಲಿಗೆ ಹೋದಳು. ಎಡಚಕ್ಕ ಎರಡನೆಯ ಮಹಡಿಯ ಮೆಟ್ಟಿಲು ಒರೆಸುತ್ತಿದ್ದಳು. ನೀಲಿ ಬಣ್ಣದ ಕೋಟು ಹಾಕಿಕೊಂಡಿದ್ದಳು. ಬಕೆಟ್ಟಿಗೆ ಗಾಲಿಯಿತ್ತು. ಇವಳನ್ನು ನೋಡಿ ಆಶ್ಚರ್ಯವನ್ನೇನೂ ತೋರಿಸದೆ, ಒರೆಸಿದ ಮೆಟ್ಟಿಲು ತುಳಿಯಬೇಡಿ, ಗೋಡೆ ಪಕ್ಕ ಬನ್ನಿ ಎಂದಳು. ಕನ್ನಡಕದಕ್ಕ ಗೋಡೆಗೆ ಒತ್ತಿಕೊಂಡು ಹತ್ತಿದಳು. ಮೇಷ್ಟ್ರ ಆರೋಗ್ಯ ಹೇಳಿದಳು. ಓಣಿಯ ವಿಷಯ ತನಗೆ ಈಗ ಗೊತ್ತಾಗಿದೆ ಎಂದಳು.

“ನನಗೆ ಒಂದು ವರ್ಷದಿಂದ ಗೊತ್ತಿತ್ತು” ಎಂದಳು ಎಡಚಕ್ಕ.

“ಅವರು ಹೇಳ್ಬೇಡ ಅಂದಿದ್ರಾ?”

“ಅವರು ಏನೂ ಅಂದಿಲ್ಲ. ಆ ಮಾತೇ ತೆಗೆದಿಲ್ಲ. ನಾನು ಬಂದ ತಕ್ಷಣ ಪೇಪರ್ ತಗೊಂಡು ಬಾಲ್ಕನಿಗೆ ಹೋಗೋರು. ನಾನು ಒರೆಸ್ತಿದ್ದೆ, ಬಟ್ಟೆ ಹಿಂಡಿ ಹಾಕ್ತಿದ್ದೆ. ಆಮೇಲೆ ಒಳಗೆ ಬರೋರು. ಮಧ್ಯಾಹ್ನ ಜಾಸ್ತಿ ಆಗ್ತಿದೆ ಅಂತ ನೆಲ ನೋಡಿ ಗೊತ್ತಾಯ್ತು. ಅದಕ್ಕೇ ಇನ್ನೊಂದ್ಸಲ ಬರ್ತಿದ್ದೆ. ಹಾಳಾದ ಟವೆಲ್ ಎರಡು ಬಿಸಾಕಿದ್ದೂ ನಾನೇ.”

“ನನಗಾದ್ರೂ ಒಂದು ಮಾತು ಹೇಳಬಹುದಿತ್ತಲ್ಲ.”

ಎಡಚಕ್ಕ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಮುಂದಿನ ಮೆಟ್ಟಿಲಿಗೆ ಹಾಕಿದಳು. “ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ರಲ್ಲ, ಆವತ್ತು ಬಾಯಿಗೆ ಬಂದಿತ್ತು ಅಕ್ಕ. ಅವರು ಕೂತಿದ್ದು ಕಾಣ್ತಿತ್ತು. ಪೇಪರ್ ತಲೆಕೆಳಗಾಗಿತ್ತು. ಹೇಗೆ ಹೇಳ್ಲಿ?”

ಕನ್ನಡಕದಕ್ಕ ಕ್ಷಮಿಸಿ ಎಂದಳು. ಆ ಮಾತು ಮೆಟ್ಟಿಲಿನ ಆ ಜಾಗದಲ್ಲಿ ತೀರಾ ಚಿಕ್ಕದಾಗಿ ಕೇಳಿಸಿತು. ವಾಪಸ್ ಬನ್ನಿ ಎಂದು ಕರೆದಳು. ಎಡಚಕ್ಕ ತಲೆಯಾಡಿಸಿದಳು. ಇಲ್ಲಿ ಭಾನುವಾರ ರಜೆ ಇದೆ, ಮೇಲಿನವರು ಮರ್ಯಾದೆಯಿಂದ ಮಾತಾಡಿಸುತ್ತಾರೆ, ಬರುವುದಿಲ್ಲ ಎಂದಳು. ಕೋಪದಿಂದೇನೂ ಹೇಳಲಿಲ್ಲ. ಆಮೇಲೆ ಒರೆಸುತ್ತಲೇ, ತಲೆ ಎತ್ತದೆ ಅಂದಳು:

“ಯಾರ ಬಾಯಲ್ಲೂ ಕಳ್ಳಿ ಅನ್ನಿಸ್ಕೊಳ್ಳೋ ಕೆಲಸ ಒಂಬತ್ತು ವರ್ಷದಲ್ಲಿ ಒಂದೂ ಮಾಡಿರ್ಲಿಲ್ಲ. ನೀವೂ ಅನ್ನಲಿಲ್ಲ, ಅದು ನಿಜ. ಚೀಲ ನೋಡಿದ್ರಿ. ಮೇಷ್ಟ್ರಿಗೆ ನಾನು ಕೇಳಿದೆ ಅಂತ ಹೇಳಿ.”

ವಾಪಸ್ ಇಳಿಯುವಾಗ ಕನ್ನಡಕದಕ್ಕ ಗೋಡೆ ಪಕ್ಕ ನಡೆಯುವುದನ್ನು ಮರೆತಳು. ಒದ್ದೆ ಮೆಟ್ಟಿಲ ಮೇಲೆಲ್ಲ ಅವಳ ಹೆಜ್ಜೆ ಮೂಡಿದವು. ತಿರುಗಿ ನೋಡಿದರೆ ಎಡಚಕ್ಕ ಮೇಲಿಂದ ಮತ್ತೆ ಒರೆಸಿಕೊಂಡು ಬರುತ್ತಿದ್ದಳು.

ಆ ಭಾನುವಾರ ಗಂಡ, ಮಗಳು ಹೊರಗೆ ಹೋದ ಮೇಲೆ ಅವಳು ಬಾಲ್ಕನಿಗೆ ಬಂದಳು. ಮೇಷ್ಟ್ರು ಬಿಸಿಲು ಕಾಯುತ್ತಿದ್ದರು. ಕುರ್ಚಿ ಎಳೆದುಕೊಳ್ಳದೆ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಮೊದಲು, ಎಡಚಕ್ಕ ನಿಮ್ಮನ್ನು ಕೇಳಿದಳು ಎಂದು ಹೇಳಿದಳು. ಮೇಷ್ಟ್ರ ಕೈಯಲ್ಲಿದ್ದ ಪೇಪರ್ ಕೆಳಗಿಳಿಯಿತು. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟಳು. ಆಮೆಗೆ ಕಣ್ಣಿದೆ ಮಾವ, ಆವತ್ತು ಸುಳ್ಳು ಹೇಳಿದೆ. ಮೊಬೈಲಿನಲ್ಲಿ ಕಾಣುತ್ತೆ. ನಾನು ಅಂಗಡಿಯಲ್ಲಿ ತೋರಿಸುತ್ತಿದ್ದೆ, ಆವತ್ತೇ.

ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಶುರುಮಾಡಲು ಒದೆಯುತ್ತಿದ್ದರು.

“ಎಷ್ಟು ಜನ ನೋಡಿದ್ರು?”

“ನಾಲ್ಕು ಜನ.”

“ನಕ್ಕರಾ?”

“ಒಬ್ಬ ನಕ್ಕ.”

“ನೀನು?”

ಇಲ್ಲ ಎಂದುಬಿಡಬಹುದಿತ್ತು. ಕೇಳುವವರು ನಂಬಲು ಸಿದ್ಧರಿದ್ದರು, ಅದು ಅವರ ದನಿಯಲ್ಲೇ ಇತ್ತು. “ನಾನೂ ನಕ್ಕೆ ಮಾವ” ಎಂದಳು. “ಗೊತ್ತಾಗೋಕ್ಕೆ ಮುಂಚೆ. ಗೊತ್ತಾದ ಮೇಲೂ ಒಂದು ಗಳಿಗೆ ನಗು ನಿಂತಿರ್ಲಿಲ್ಲ.”

ಮೇಷ್ಟ್ರು ಪೇಪರನ್ನು ನಾಲ್ಕಾಗಿ, ಎಂಟಾಗಿ ಮಡಿಸಿದರು. ಎದ್ದು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಗಂಡ ಏನಾಯಿತು ಎಂದು ಕೇಳಿದ. ನನ್ನಿಂದ ಒಂದು ತಪ್ಪಾಗಿದೆ, ಅದು ಮಾವನಿಗೂ ನನಗೂ ಮಧ್ಯೆ ಇರಲಿ ಎಂದಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ಕೆದಕಲಿಲ್ಲ.

ಎರಡು ದಿನ ಮಾವ ಅವಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು ಜಗ್ಗಿಗೆ ನೀರು ತುಂಬಿಸುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವಳ ಕಡೆ ನೋಡದೆ, ಕಿಟಕಿಯ ಕಡೆ ನೋಡುತ್ತ ಹೇಳಿದರು:

“ಅವಳನ್ನ ಕಳಿಸಿದ ದಿನ ನಾನು ಒಳಗೇ ಕೂತಿದ್ದೆ. ಎಲ್ಲ ಕೇಳಿಸ್ತಿತ್ತು. ಎದ್ದು ಬಂದು ಒಂದು ಮಾತು ಹೇಳಿದ್ರೆ ಅವಳ ಕೆಲಸ ಉಳೀತಿತ್ತು. ಹೇಳ್ಲಿಲ್ಲ.” ಗಂಟಲು ಸರಿಮಾಡಿಕೊಂಡರು. “ನಿನ್ನ ಬೈಯೋಕ್ಕೆ ಎರಡು ದಿನದಿಂದ ಮಾತು ಹುಡುಕ್ತಿದ್ದೀನಿ. ಎಲ್ಲಾ ಮಾತೂ ನನ್ನ ಕಡೆಗೇ ತಿರುಗುತ್ತೆ.”

ಅವಳಿಗೆ ಅಳು ಬಂತು. ಅವರು ಅಳಬೇಡ ಎನ್ನಲಿಲ್ಲ. ಡಾಕ್ಟರ ಹತ್ತಿರ ಇದನ್ನೂ ಹೇಳಬೇಕು ಅನ್ನಿಸುತ್ತೆ, ಅವನಿಗೆ ಗೊತ್ತಾಗುವುದು ಬೇಡ, ನೀನೇ ಕರೆದುಕೊಂಡು ಹೋಗು ಎಂದರು. ಅವನೆಂದರೆ ಮಗ. ಅವಳು ಅರ್ಧ ದಿನ ರಜೆ ಹಾಕಿದಳು. ಒಳಗೆ ಮೇಷ್ಟ್ರು ಒಬ್ಬರೇ ಹೋದರು, ಬಾಗಿಲ ಹೊರಗೆ ಅವಳು ಕಾದಳು. ವಯಸ್ಸಾದವರಿಗೆ ಬರುವುದೇ, ಮುಚ್ಚಿಟ್ಟಿದ್ದಕ್ಕೆ ಇಷ್ಟಾಯಿತು ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರಂತೆ. ಪೂರ್ತಿ ವಾಸಿಯಾಗುವುದಿಲ್ಲ, ಹಿಡಿತಕ್ಕೆ ಬರುತ್ತದೆ ಎಂದರಂತೆ. ಹಿಡಿತಕ್ಕೆ ಬಂತು ಕೂಡ, ಹೆಚ್ಚುಕಡಿಮೆ.

ಆಮೆಯನ್ನು ಮಾರಿಬಿಡುತ್ತೇನೆ ಎಂದು ಅವಳು ಹೇಳಿದಾಗ ಮೇಷ್ಟ್ರೇ ಬೇಡವೆಂದರು. ಅವರ ಎದುರಿಗೇ ಮೊಬೈಲಿನಿಂದ ಆಮೆಯ ಆ್ಯಪ್ ತೆಗೆದುಹಾಕಿದಳು. ಬೆನ್ನ ಮೇಲಿನ ಗುಂಡಿ ಒತ್ತಿದರೂ ಅದು ಓಡುತ್ತದೆ. ಈಗ ಅದನ್ನು ಯಾವಾಗ ಓಡಿಸಬೇಕೆಂದು ತೀರ್ಮಾನಿಸುವವರು ಮೇಷ್ಟ್ರು. ಕೆಲವು ದಿನ ಓಣಿಯಲ್ಲಿ ಒದ್ದೆಯಾಗುವುದುಂಟು. ಅಂಥ ಸಂಜೆ ಅವರು, ಓಣಿ ಒಂದ್ಸಲ ಒರೆಸಿಬಿಡು ಎನ್ನುತ್ತಾರೆ. ಅವಳು ಒರೆಸುತ್ತಾಳೆ. ಅವರು ಪೇಪರ್ ಹಿಡಿದು ಬಾಲ್ಕನಿಗೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಅವಳಿಗೆ ಪ್ರತಿಸಲವೂ ಎಡಚಕ್ಕನ ನೆನಪಾಗುತ್ತದೆ, ಕಿವಿ ಬಿಸಿಯಾಗುತ್ತದೆ. ಅಂಗಡಿಯಲ್ಲಿ ಫಿಟಿಂಗಿನವನು ಯಾವುದಕ್ಕಾದರೂ ನಕ್ಕರೆ ಈಗಲೂ ಅವಳ ಕೈ ಒಂದು ಕ್ಷಣ ನಿಲ್ಲುತ್ತದೆ. ಮಾಲೀಕರು ಗಿರಾಕಿಗಳ ಮುಂದೆ ಅವಳ ಕಣ್ಣನ್ನು ಹೊಗಳಲು ಶುರುಮಾಡಿದರೆ ಏನೋ ನೆಪ ಹೇಳಿ ಒಳಗೆ ಹೋಗಿಬಿಡುತ್ತಾಳೆ.

ಮಾತ್ರೆ ತೆಗೆದುಕೊಳ್ಳಲು ಶುರುಮಾಡಿ ಎರಡು ತಿಂಗಳಾದ ಮೇಲೆ ಇಬ್ಬರೂ ಮತ್ತೆ ಡಾಕ್ಟರ ಹತ್ತಿರ ಹೋಗಿ ನಡೆದು ಬರುತ್ತಿದ್ದರು. ರಸ್ತೆಯಲ್ಲಿ ಜನವೋ ಜನ. ಅಂಗಡಿ ಸಾಲಿನ ನಡುವೆ ಮೇಷ್ಟ್ರು ತಟ್ಟನೆ ನಿಂತರು. ಹಿಂದಿನಿಂದ ಬರುತ್ತಿದ್ದವರು ಅವರನ್ನು ಬಳಸಿಕೊಂಡು ಹೋಗಬೇಕಾಯಿತು. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ದನಿ ತಗ್ಗಿಸದೆ ಹೇಳಿದರು:

“ನನಗೆ ಅರ್ಜೆಂಟಾಗಿದೆ. ಎಲ್ಲಾದ್ರೂ ಜಾಗ ಇದೆಯಾ ಕೇಳು.”

ಪಕ್ಕದಲ್ಲಿ ನಿಂತಿದ್ದ ಇಬ್ಬರು ತಿರುಗಿ ನೋಡಿದರು. ಕನ್ನಡಕದಕ್ಕ ಎದುರಿಗಿದ್ದ ಔಷಧಿ ಅಂಗಡಿಗೆ ನುಗ್ಗಿ, ನಮ್ಮ ಮಾವನಿಗೆ ಬಚ್ಚಲು ಬೇಕಾಗಿದೆ, ಎಲ್ಲಿದೆ ಎಂದು ಎಲ್ಲರಿಗೂ ಕೇಳಿಸುವಂತೆ ಕೇಳಿದಳು. ಅಂಗಡಿಯವನು ಒಳಗಿನ ಬಾಗಿಲು ತೋರಿಸಿದ. ಮೇಷ್ಟ್ರು ತಾವು ಹಿಡಿದಿದ್ದ ಕೊಡೆಯನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದರು. ಅವಳು ಕೊಡೆ ಹಿಡಿದುಕೊಂಡು, ಬಾಗಿಲಿಗೆ ಬೆನ್ನು ಮಾಡಿ, ಅವರು ಬರುವವರೆಗೆ ನಿಂತಿದ್ದಳು.